ಸದ್ದಾಗದ ಚೀಲ

ನಮ್ಮ ಚರ್ಚಿನಲ್ಲಿ ಭಾನುವಾರದ ಎರಡನೆಯ ಬಲಿಪೂಜೆ ಮುಗಿದು ಅಂಗಳದ ಜನ ಚದುರುತ್ತಿದ್ದರು. ದೇವಾಲಯದ ಹಿಂದಿನ ಸಣ್ಣ ಕೋಣೆಯಲ್ಲಿ ನಾವು ಹನ್ನೊಂದು ಮಂದಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸುತ್ತಲೂ ಹಾಕಿಕೊಂಡು ಕುಳಿತಿದ್ದೆವು. ಬಡವರ ಮನೆಗಳಿಗೆ ಹೋಗಿ ನೆರವಾಗುವ ವಿನ್ಸೆಂಟ್ ಸಭೆಯ ಕೊನೆಯ ಘಟ್ಟ. ಖಜಾಂಚಿಯವರು ಒಂದು ಬಟ್ಟೆಯ ಚೀಲವನ್ನು ಎಡಗಡೆಯವರ ಕೈಗೆ ದಾಟಿಸಿದರು. ಅದು ಕೈಯಿಂದ ಕೈಗೆ ಬರುತ್ತಿತ್ತು. ನನಗೆ ಅದು ಮೊದಲ ಸಭೆ. ಪರ್ಸ್ ತೆರೆದು 500 ರೂಪಾಯಿಯ ನೋಟನ್ನು ಹಿಡಿದುಕೊಂಡು ಕಾದೆ. ಚೀಲ ಬಂದಾಗ ನೋಟನ್ನು ಹಾಗೆಯೇ ಮೇಲಿನಿಂದ ಹಾಕಲು ಹೋದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಮಣಿಕಟ್ಟನ್ನು ಮೆಲ್ಲಗೆ ಹಿಡಿದರು.

"ಹಾಗಲ್ಲಮ್ಮ. ಮೊದಲು ಮುಷ್ಟಿ ಕಟ್ಟು. ಮುಷ್ಟಿಯನ್ನೇ ಒಳಗೆ ಇಳಿಸು, ಒಳಗೇ ಬಿಚ್ಚು. ಹೊರಗೆ ತೆಗೆಯುವಾಗಲೂ ಮುಷ್ಟಿಯಾಗಿಯೇ ಬರಲಿ."

ಏಕೆಂದು ಕೇಳಿದೆ. "ಇವತ್ತು ಇಲ್ಲಿ ಯಾರದೋ ಕೈ ಖಾಲಿ ಇರಬಹುದು. ಯಾರದೆಂದು ಉಳಿದವರಿಗೆ ತಿಳಿಯಬಾರದು" ಎಂದರು. ನಾನು ನೋಟನ್ನು ಮಡಚಿ, ಮುಷ್ಟಿಯಲ್ಲಿ ಅಡಗಿಸಿ, ಹೇಳಿದಂತೆ ಮಾಡಿದೆ. ಆ ದಿನ ಬಸ್ಸಿನಲ್ಲಿ ಮನೆಗೆ ಹೋಗುವಾಗ ನನ್ನ ಅಮ್ಮನ ಅಕ್ಕಿ ಮಡಕೆ ನೆನಪಾಯಿತು.

ನಮ್ಮದು ಆನೇಕಲ್ ಕಡೆಯ ಹಳ್ಳಿ. ಅಮ್ಮ ದಿನವೂ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಮುಷ್ಟಿ ತೆಗೆದು ಒಲೆಯ ಪಕ್ಕದ ಮಡಕೆಗೆ ಹಾಕುತ್ತಿದ್ದಳು. ತಿಂಗಳ ಕೊನೆಗೆ ಮಡಕೆ ಗುಡಿಗೆ ಹೋಗುತ್ತಿತ್ತು. ನಮ್ಮ ಹಳ್ಳಿಯಲ್ಲಿ ಕ್ರೈಸ್ತರೂ ದೇವಾಲಯಕ್ಕೆ ಗುಡಿ ಎಂದೇ ಹೇಳುವುದು. ಪಕ್ಕದ ಲಿಂಗಾಯತರ ಮನೆಯಲ್ಲೂ ಅಂಥದೇ ಮಡಕೆ ಇತ್ತು. ಅವರ ಮುಷ್ಟಿ ಅಕ್ಕಿ ಮಠದ ಹುಡುಗರ ಊಟಕ್ಕೆ. ಎರಡೂ ಮನೆಗಳಲ್ಲಿ ಆ ಅಕ್ಕಿ ಯಾರ ಹೊಟ್ಟೆಗೆ ಹೋಯಿತೆಂದು ಕೇಳುವ ರೂಢಿ ಇರಲಿಲ್ಲ.

2022ರಲ್ಲಿ ಅಮ್ಮ ತೀರಿಕೊಂಡಳು. ಮರುವರ್ಷ ಸೆಪ್ಟೆಂಬರಿನಲ್ಲಿ, ಸಂತ ವಿನ್ಸೆಂಟ್ ದೆ ಪೌಲರ ಹಬ್ಬಕ್ಕೆ ಮುಂಚಿನ ಭಾನುವಾರ, ನಮ್ಮ ಧರ್ಮಕೇಂದ್ರದ ವಿನ್ಸೆಂಟ್ ಸಭೆಯ ಅಧ್ಯಕ್ಷರು ಪೂಜೆಯ ಕೊನೆಗೆ ಮೈಕಿನ ಮುಂದೆ ಬಂದು ನಿಂತರು. ನಾನು ಮೂರು ವರ್ಷಗಳಿಂದ ಆ ಸಭೆಗೆ ತಿಂಗಳಿಗೊಮ್ಮೆ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಹಣ ಹೋಗುವಂತೆ ಮಾಡಿದ್ದೆ. ನನ್ನ ಪಾಲಿನ ಕೆಲಸ ಆಗುತ್ತಿದೆ ಎಂಬ ಸಮಾಧಾನ ಇತ್ತು. ಅಧ್ಯಕ್ಷರು ಹೇಳಿದ್ದು ಎರಡೇ ಮಾತು: "ನಿಮ್ಮ ಹಣ ಬರುತ್ತಿದೆ, ದೇವರು ಒಳ್ಳೆಯದು ಮಾಡಲಿ. ನಮಗೆ ಈಗ ಬೇಕಾಗಿರುವುದು ಕಾಲು." ಅವರ ಸಭೆಯಲ್ಲಿ ಮೆಟ್ಟಿಲು ಹತ್ತಬಲ್ಲವರು ಕಡಿಮೆಯಾಗಿದ್ದರು. ನನ್ನ ವಯಸ್ಸು ಆಗ 46. ಮಂಡಿ ಚೆನ್ನಾಗಿಯೇ ಇತ್ತು.

ಸೇರುವುದಕ್ಕೆ ಅರ್ಜಿ, ಶುಲ್ಕ ಎಂದೇನೂ ಇಲ್ಲ. ಕೆಲವು ವಾರ ಸಭೆಗೆ ಬಂದು ಸುಮ್ಮನೆ ಕೇಳಬೇಕು. ಹಳಬರೊಬ್ಬರ ಜೊತೆ ಮನೆಗಳಿಗೆ ಹೋಗಬೇಕು. ಆಮೇಲೂ ಮನಸ್ಸಿದ್ದರೆ ಡಿಸೆಂಬರ್ 8ರ ಅಮಲೋದ್ಭವ ಮಾತೆಯ ಹಬ್ಬದಂದು ಸದಸ್ಯರಾಗಿ ಸೇರಿಸಿಕೊಳ್ಳುತ್ತೇವೆ ಎಂದರು. ಸಭೆಯ ಕ್ರಮ ಪ್ರತಿ ವಾರವೂ ಒಂದೇ. ಪ್ರಾರ್ಥನೆ, ಒಂದು ಪುಟದ ವಾಚನ, ಹಿಂದಿನ ವಾರದ ನಡಾವಳಿ, ಲೆಕ್ಕ, ನಂತರ ಜೋಡಿ ಜೋಡಿಯಾಗಿ ಮನೆಗಳ ವರದಿ, ಹೊಸ ಕೋರಿಕೆಗಳು, ಗುಪ್ತ ಕಾಣಿಕೆಯ ಚೀಲ, ಮತ್ತೆ ಪ್ರಾರ್ಥನೆ. ನಡಾವಳಿಯಲ್ಲಿ ಕುಟುಂಬಗಳಿಗೆ ಹೆಸರಿಲ್ಲ, ಅಂಕಿಗಳಿವೆ. ಮೂರನೆಯ ಮನೆ, ಒಂಬತ್ತನೆಯ ಮನೆ. ಇಲ್ಲಿ ಕೇಳಿದ್ದು ಕೋಣೆಯ ಹೊಸ್ತಿಲು ದಾಟಬಾರದು. ಈ ಬರಹದಲ್ಲಿ ನಾನು ಒಂದು ಮನೆಯ ವಿಷಯ ಹೇಳುತ್ತೇನೆ. ಆ ಮನೆಯ ಒಡತಿಯನ್ನು ಕೇಳಿಯೇ ಬರೆಯುತ್ತಿದ್ದೇನೆ, ಅಂಕಿಯನ್ನೂ ಬದಲಿಸಿದ್ದೇನೆ.

ವಾಚನದಲ್ಲಿ ಆ ವಾರಗಳಲ್ಲಿ ಬರುತ್ತಿದ್ದುದು ಈ ಸಭೆ ಹುಟ್ಟಿದ ಕಥೆ. ವಿನ್ಸೆಂಟ್ ದೆ ಪೌಲರು 1660ರಲ್ಲಿ ತೀರಿಕೊಂಡ ಫ್ರಾನ್ಸಿನ ಗುರು. ಅವರ ಹೆಸರಿನ ಈ ಸಭೆಯನ್ನು ಕಟ್ಟಿದವರು ಅವರಲ್ಲ, ಪಾದ್ರಿಗಳೂ ಅಲ್ಲ. ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ಕೆಲವು ಹುಡುಗರು. 1832ರಲ್ಲಿ ಆ ನಗರದಲ್ಲಿ ಕಾಲರಾ ಹಬ್ಬಿ ಸಾವಿರಾರು ಜನ ಸತ್ತಿದ್ದರು. ಅಲ್ಲಿನ ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಒಬ್ಬ, ನಿಮ್ಮ ಧರ್ಮ ಹಿಂದೆ ಏನು ಮಾಡಿತೆಂಬುದು ಇರಲಿ, ಈಗ ನೀವು ಬಡವರಿಗೆ ಏನು ಮಾಡುತ್ತಿದ್ದೀರಿ ಎಂದು ಸವಾಲು ಹಾಕಿದನಂತೆ. ಫ್ರೆಡರಿಕ್ ಓಜಾನಾಂ ಎಂಬ ಕಾನೂನು ವಿದ್ಯಾರ್ಥಿಗೆ ಅದು ನಾಟಿತು. ಅವನೂ ಒಬ್ಬ ಗೆಳೆಯನೂ ಚಳಿಗಾಲಕ್ಕೆಂದು ಇಟ್ಟುಕೊಂಡಿದ್ದ ಸೌದೆಯಲ್ಲಿ ಉಳಿದದ್ದನ್ನು ಹೊತ್ತುಕೊಂಡು ಒಂದು ಬಡ ಮನೆಗೆ ಹೋದರು. 1833ರ ಏಪ್ರಿಲ್ 23ರಂದು, ಓಜಾನಾಂಗೆ 20 ವರ್ಷ ತುಂಬಿದ ದಿನ, ಮೊದಲ ಸಭೆ ಸೇರಿತು. ಯಾವ ಮನೆಗೆ ಹೋಗಬೇಕು, ಹೋಗಿ ಏನು ಮಾತಾಡಬೇಕು ಎಂಬುದು ಆ ಹುಡುಗರಿಗೆ ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ಬಡವರ ಕೇರಿಯಲ್ಲೇ ಬದುಕಿದ್ದ ರೊಸಾಲಿ ರೆಂಡು ಎಂಬ ಕನ್ಯಾಸ್ತ್ರೀ. ನನಗೆ ಆ ಕಥೆಯಲ್ಲಿ ಓಜಾನಾಂಗಿಂತ ಅವರೇ ಹತ್ತಿರ ಅನ್ನಿಸಿದರು. ಹೇಗೆ ಹೋಗಬೇಕೆಂದು ಯಾರಾದರೂ ಕಲಿಸಲೇಬೇಕು. ಇಲ್ಲದಿದ್ದರೆ ಏನಾಗುತ್ತದೆಂದು ನನ್ನಿಂದಲೇ ನೋಡಿದೆ.

ಏಳನೆಯ ಮನೆ ಲಿಂಗರಾಜಪುರದ ಆಚೆ, ರೈಲು ಹಳಿಗೆ ಹತ್ತಿರದ ಒಂದು ವಠಾರದಲ್ಲಿ. ಮೊದಲ ಮಹಡಿಯ ಕೊನೆಯ ಕೋಣೆ. ನನ್ನ ಜೊತೆಗಾರ್ತಿ ಚೀಲದಲ್ಲಿ ನನ್ನ ಮಣಿಕಟ್ಟು ಹಿಡಿದವರೇ, ಎಪ್ಪತ್ತರ ಸಮೀಪದವರು. ಹೊರಡುವ ಮುಂಚೆ ತೊಗರಿಬೇಳೆ, ಎಣ್ಣೆ, ಸೋಪು, ಮಾತ್ರೆಗಳನ್ನು ಒಂದು ಮಾಸಿದ ತರಕಾರಿ ಚೀಲಕ್ಕೆ ತುಂಬಿ, ಮೇಲೆ ಎರಡು ಕಂತೆ ದಂಟಿನ ಸೊಪ್ಪು ಇಟ್ಟರು. ಸೊಪ್ಪು ಯಾರಿಗೆ ಎಂದೆ. "ಸೊಪ್ಪು ವಠಾರಕ್ಕೆ. ನಾವು ಮಾರುಕಟ್ಟೆಯಿಂದ ಬರುತ್ತಾ ಅಜ್ಜಿಯನ್ನು ಮಾತಾಡಿಸಲು ಬಂದವರು. ಅಷ್ಟು ತಿಳಿದರೆ ಸಾಕು ಅವರಿಗೆ" ಎಂದರು. ಸಭೆಯ ಹೆಸರು ಬರೆದ ಚೀಲಗಳನ್ನು ಯಾರೋ ದಾನಿಗಳು ಒಮ್ಮೆ ಮಾಡಿಸಿಕೊಟ್ಟಿದ್ದರಂತೆ. ಅವು ಅಂಗಡಿಯಿಂದ ಸಾಮಾನು ತರಲು ಮಾತ್ರ ಬಳಕೆಯಾಗುತ್ತವೆ. ಮೆಟ್ಟಿಲು ಹತ್ತುವುದಿಲ್ಲ.

ಅಜ್ಜಿ ಒಬ್ಬರೇ. ಗೋಡೆಯಲ್ಲಿ ಅಣ್ಣಮ್ಮ ದೇವಿಯ ಪಟ, ಅದಕ್ಕೆ ಮುಡಿಸಿದ ಒಂದು ಕನಕಾಂಬರದ ಎಸಳು. ನಮ್ಮ ಸಭೆ ಯಾರ ಧರ್ಮವನ್ನೂ ಕೇಳುವುದಿಲ್ಲ. ಕೇಳದಿರುವುದು ನಮ್ಮ ಔದಾರ್ಯವಲ್ಲ, ನಿಯಮ. ನಾನು ಚಾಪೆಯ ಮೇಲೆ ಕುಳಿತವಳೇ ನೋಟ್‌ಪುಸ್ತಕ ತೆಗೆದೆ. ಪಿಂಚಣಿ ಬರುತ್ತಿದೆಯೇ, ಪಡಿತರ ಚೀಟಿ ಯಾವುದು, ಮಕ್ಕಳಿದ್ದಾರೆಯೇ, ಅವರು ಎಷ್ಟು ದುಡಿಯುತ್ತಾರೆ ಎಂದು ಒಂದಾದ ಮೇಲೆ ಒಂದು ಕೇಳಿದೆ. ಸಹಾಯ ಸರಿಯಾಗಿ ಆಗಬೇಕಾದರೆ ಮಾಹಿತಿ ಬೇಕಲ್ಲ ಎಂಬುದು ನನ್ನ ಮನಸ್ಸಿನಲ್ಲಿತ್ತು. ಅಜ್ಜಿ ಮೂರನೆಯ ಪ್ರಶ್ನೆಗೆ ಎದ್ದು ನಿಂತರು. ಟ್ರಂಕಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದಗಳನ್ನೆಲ್ಲ ತೆಗೆದು, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು. ಕಚೇರಿಯ ಕಿಟಕಿಯೆದುರು ನಿಲ್ಲುವ ಹಾಗೆ ತಲೆ ತಗ್ಗಿಸಿ ನಿಂತರು.

ನನ್ನ ಜೊತೆಗಾರ್ತಿ ಆ ಕಾಗದಗಳನ್ನು ತಾವು ತೆಗೆದುಕೊಂಡು ಮತ್ತೆ ಟ್ರಂಕಿನ ಮೇಲಿಟ್ಟರು. ಅಜ್ಜಿಯ ಭುಜ ಹಿಡಿದು ಕೂರಿಸಿ, "ಊಟವಾಯಿತೇ?" ಎಂದರು. ಏನು ಸಾರು ಎಂದು ಕೇಳಿದರು. ಹಿಂದಿನ ದಿನದ ಮಳೆಯ ಮಾತಾಯಿತು. ಅರ್ಧ ಗಂಟೆ ಹಾಗೆಯೇ ಕಳೆಯಿತು. ಮೆಟ್ಟಿಲು ಇಳಿಯುವಾಗ ಅವರು ನನ್ನನ್ನು ಬೈಯಲಿಲ್ಲ. "ಪುಸ್ತಕ ಚೀಲದಲ್ಲೇ ಇರಲಿ. ಮೊದಲ ಮೂರು ವಾರ ಊಟದ ವಿಷಯ ಕೇಳು. ನಾಲ್ಕನೆಯ ವಾರ ಅವರೇ ಹೇಳುತ್ತಾರೆ" ಎಂದಷ್ಟೇ ಹೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಚಾಚಿದ ಆ ಎರಡು ಕೈಗಳು ಕಣ್ಣಿಂದ ಹೋಗಲಿಲ್ಲ.

ನಾಲ್ಕನೆಯ ವಾರವಲ್ಲ, ಆರನೆಯ ವಾರ ಅಜ್ಜಿ ಹೇಳಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮನೆಯಲ್ಲೇ ಅಗರಬತ್ತಿ ಹೊಸೆದವರು ಅವರು. ಮಣೆಯ ಮುಂದೆ ಕುಳಿತು, ಬಿದಿರು ಕಡ್ಡಿಗೆ ಕಪ್ಪು ಹಿಟ್ಟನ್ನು ಅಂಗೈಯಿಂದ ಉರುಳಿಸಿ ಉರುಳಿಸಿ, ಸಾವಿರ ಕಡ್ಡಿಗೆ ಇಷ್ಟೆಂದು ಕೂಲಿ. ಬೆಂಗಳೂರಿನ ಎಷ್ಟೋ ಕೇರಿಗಳ ಹೆಂಗಸರು ಹೀಗೆಯೇ ಮಕ್ಕಳನ್ನು ಸಾಕಿದ್ದಾರೆ. ಅಜ್ಜಿಯ ಬೆರಳ ತುದಿಗಳು ಹೊಳೆ ಕಲ್ಲಿನಂತೆ ನುಣುಪಾಗಿದ್ದವು. ರೇಷನ್ ಅಂಗಡಿಯ ಯಂತ್ರದಲ್ಲಿ ಆ ಬೆರಳಚ್ಚು ಬೀಳುತ್ತಿರಲಿಲ್ಲ. ಐದು ತಿಂಗಳಿಂದ ಅಕ್ಕಿ ಸಿಕ್ಕಿರಲಿಲ್ಲ. ಮೊದಲ ದಿನ ಕಾಗದ ಚಾಚಿದಾಗ ಅವರು ತೋರಿಸಬೇಕೆಂದಿದ್ದುದು ಅದನ್ನೇ ಇರಬಹುದು. ಆದರೆ ನನ್ನ ಪ್ರಶ್ನೆಗಳಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಆಮೇಲಿನ ಒಂಬತ್ತು ತಿಂಗಳ ಕೆಲಸವನ್ನು ನಾನು ಇಲ್ಲಿ ವಿವರವಾಗಿಯೇ ಹೇಳಬೇಕು. ಏಕೆಂದರೆ ಬಡತನ ಎಂಬುದು ಹಣದ ಕೊರತೆ ಎಂದಷ್ಟೇ ನಾನು ತಿಳಿದಿದ್ದೆ. ಅದು ಒಂದು ಬೀಗದೊಳಗೆ ಇನ್ನೊಂದು ಬೀಗದ ಕೀಲಿ ಇರುವ ಹಾಗೆ. ಬೆರಳಚ್ಚು ಬೀಳದವರಿಗೆ ಮೊಬೈಲಿಗೆ ಬರುವ ಒಟಿಪಿಯ ದಾರಿ ಇದೆ. ಆದರೆ ಅಜ್ಜಿಯ ಆಧಾರ್‌ಗೆ ಜೋಡಿಸಿದ್ದ ಸಂಖ್ಯೆ ತೀರಿಕೊಂಡ ಗಂಡನದು. ಅದು ಎಂದೋ ಬಂದಾಗಿತ್ತು. ಸಂಖ್ಯೆ ಬದಲಿಸಲು ಹೋದರೆ ಗುರುತಿಗೆ ಆಗ ಮತ್ತೆ ಬೆರಳಚ್ಚೇ ಬೇಕಿತ್ತು, ಇಲ್ಲವೇ ಕಣ್ಣಿನ ಸ್ಕ್ಯಾನ್. ಕಣ್ಣಿಗೆ ಯಂತ್ರ ಹಿಡಿದರೆ ಅದೂ ಒಪ್ಪಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಂದರೆ ಒಂದು ಪಡಿ ಅಕ್ಕಿಗೆ ಮೊದಲು ಕಣ್ಣಿನ ಶಸ್ತ್ರಚಿಕಿತ್ಸೆ ಆಗಬೇಕು!

ಚಾಮರಾಜಪೇಟೆಯ ಮಿಂಟೋ ಕಣ್ಣಿನ ಆಸ್ಪತ್ರೆಗೆ ನಾಲ್ಕು ಸಲ ಹೋದೆವು. 2023ರ ಜೂನ್‌ನಿಂದ ಮಹಿಳೆಯರಿಗೆ ಬಸ್ಸು ಉಚಿತವಾಗಿದ್ದುದರಿಂದ ಮೂವರೂ ಶೂನ್ಯ ದರದ ಟಿಕೆಟ್ ಹಿಡಿದು ಹೋದೆವು. ಅಜ್ಜಿ ಆ ಟಿಕೆಟ್‌ಗಳನ್ನು ಎಸೆಯಲಿಲ್ಲ, ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡರು. ರಕ್ತದೊತ್ತಡ ಇಳಿಯುವವರೆಗೆ ಶಸ್ತ್ರಚಿಕಿತ್ಸೆ ಇಲ್ಲವೆಂದರು. ಅದಕ್ಕೆ ಎರಡು ತಿಂಗಳ ಮಾತ್ರೆ. ಆ ಮಾತ್ರೆ, ಆಮೇಲಿನ ಕನ್ನಡಕ, ಮನೆಯಲ್ಲಿ ಹಾಕಬೇಕಾದ ಕಣ್ಣಿನ ಹನಿ, ಇವೆಲ್ಲ ಮುಷ್ಟಿಗಳು ಬಿಚ್ಚಿದ ಚೀಲದಿಂದ ಬಂದವು. ಹನಿ ಹಾಕಲು ವಠಾರದ ಒಬ್ಬ ಹುಡುಗಿ ತಾನಾಗಿಯೇ ಮುಂದೆ ಬಂದಳು. ದಿನಕ್ಕೆ ಆರು ಸಲ, ಶಾಲೆಗೆ ಹೋಗುವ ಮುಂಚೆ ಎರಡು, ಬಂದ ಮೇಲೆ ನಾಲ್ಕು. ಅವಳು ನಮ್ಮ ಸಭೆಯವಳಲ್ಲ, ನಮ್ಮ ಧರ್ಮದವಳೂ ಅಲ್ಲ. ಆ ವಾರಗಳಲ್ಲಿ ಅಜ್ಜಿಗೆ ನಮಗಿಂತ ಹೆಚ್ಚು ಮಾಡಿದವಳು ಅವಳೇ ಎಂದು ನಡಾವಳಿಯಲ್ಲಿ ಬರೆಸಿದ್ದೇನೆ.

ಕಣ್ಣು ತಿಳಿಯಾದ ಮೇಲೆ ಸ್ಕ್ಯಾನ್ ಒಪ್ಪಿತು. ಸಂಖ್ಯೆ ಬದಲಾಯಿತು. ಪಡಿತರ ಮತ್ತೆ ಶುರುವಾಯಿತು. ಅದರ ಬೆನ್ನಿಗೇ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿದೆವು. 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಬರುವ ಯೋಜನೆ ಅದು. ಒಂದು ಕಚೇರಿಯಲ್ಲಿ ಅಜ್ಜಿಯ ಹೆಸರಿನ ಒಂದು ಅಕ್ಷರ ತಪ್ಪಾಗಿದೆ ಎಂದು ಮೂರು ಸಲ ವಾಪಸು ಕಳುಹಿಸಿದರು. ಮೂರನೆಯ ಸಲ ನಾನು ಕಿಟಕಿಯ ಮುಂದೆ ದನಿ ಎತ್ತಿದೆ. ಜೊತೆಗಾರ್ತಿ ನನ್ನನ್ನು ಪಕ್ಕಕ್ಕೆ ಸರಿಸಿ, ಅಲ್ಲಿದ್ದ ಗುಮಾಸ್ತರಿಗೆ, "ನಿಮ್ಮದು ಊಟವಾಯಿತೇ?" ಎಂದು ಕೇಳಿದರು. ಮಧ್ಯಾಹ್ನ ಮೂರೂವರೆ. ಆ ಮನುಷ್ಯನಿಗೆ ಊಟವಾಗಿರಲಿಲ್ಲ. ಅರ್ಜಿಯನ್ನು ಅವತ್ತೇ ತೆಗೆದುಕೊಂಡರು.

ಎಲ್ಲ ಮನೆಗಳ ವಿಷಯವೂ ಹೀಗೆ ದಡ ಸೇರುವುದಿಲ್ಲ. ಒಂದು ಮನೆಗೆ ಸಹಾಯ ನಿಲ್ಲಿಸುವ ತೀರ್ಮಾನವನ್ನು ನಾವೇ ಮಾಡಿದೆವು. ಅಲ್ಲಿ ಹೊಸ ಟಿವಿ ಬಂದಿದೆ ಎಂಬುದು ಕಾರಣ. ನಾನು ವಿರೋಧಿಸಿದೆ, ಒಪ್ಪಿಗೆ ಆಗಲಿಲ್ಲ. ಆ ತೀರ್ಮಾನ ತಪ್ಪೆಂದು ಇಂದಿಗೂ ನಂಬಿದ್ದೇನೆ. ದಿನವಿಡೀ ಹಾಸಿಗೆ ಹಿಡಿದ ಗಂಡನಿರುವ ಮನೆಯಲ್ಲಿ ಟಿವಿ ಐಷಾರಾಮವಲ್ಲ.

2024ರ ಸೆಪ್ಟೆಂಬರ್ 8 ಭಾನುವಾರ ಬಂದಿತ್ತು. ಬೆಂಗಳೂರಿನ ಕ್ರೈಸ್ತರಿಗೆ ಆ ದಿನ ಏನೆಂದು ಹೇಳಬೇಕಾಗಿಲ್ಲ. ಆಗಸ್ಟ್ 29ರಂದು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಧ್ವಜ ಏರಿದಲ್ಲಿಂದ ಒಂಬತ್ತು ದಿನ ನವೇನ ಪ್ರಾರ್ಥನೆ, ಕೊನೆಗೆ ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ತೇರು. ಕಾವಿ ಬಟ್ಟೆ ತೊಟ್ಟು ಹರಕೆ ಹೊತ್ತವರು ದೂರದೂರದಿಂದ ನಡೆದು ಬರುತ್ತಾರೆ. ಹಿಂದೂ, ಮುಸಲ್ಮಾನರೂ ಸೀರೆ, ಮೇಣದ ಬತ್ತಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮ ಸಭೆಯವರು ದಾರಿಯಲ್ಲಿ ನಡೆದು ಬರುವವರಿಗೆ ನೀರು ಮಜ್ಜಿಗೆ ಕೊಡುವುದು ವಾಡಿಕೆ. ಆದರೆ ವಾರದ ಸಭೆ ತಪ್ಪಬಾರದು. ಬೆಳಗಿನ ಐದೂವರೆಗೆ ಅಂಗಳದಲ್ಲಿ, ಮಜ್ಜಿಗೆಯ ಡ್ರಮ್ಮುಗಳ ನಡುವೆ ನಿಂತುಕೊಂಡೇ ಸಭೆ ಮಾಡಿದೆವು. ವಾಚನದ ಸರದಿ ನನ್ನದು. ಓಜಾನಾಂ 1853ರ ಸೆಪ್ಟೆಂಬರ್ 8ರಂದು ಮಾರ್ಸೇಯ್ ನಗರದಲ್ಲಿ, 40ರ ಹರೆಯದಲ್ಲಿ, ಹೆಂಡತಿಯನ್ನೂ ಎಳೆಯ ಮಗಳನ್ನೂ ಬಿಟ್ಟು ತೀರಿಕೊಂಡರು ಎಂಬ ಸಾಲು ಓದುವಾಗಲೇ ದಿನಾಂಕ ಹೊಳೆಯಿತು. ನಾನು ಹುಟ್ಟಿದಾಗಿನಿಂದ ತೇರಿನ ದಿನವೆಂದು ಹಾಡಿ ಕುಣಿದ ದಿನವೇ ಅದು. 1997ರಲ್ಲಿ ಅವರನ್ನು ಧನ್ಯರೆಂದು, ಅಂದರೆ ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗೆ, ಸಾರಿದಾಗ ಅವರ ಸ್ಮರಣೆಯನ್ನು ಸೆಪ್ಟೆಂಬರ್ 9ಕ್ಕೆ ಇಟ್ಟರು. ಎಂಟು ಮರಿಯಮ್ಮನವರದು, ಒಂಬತ್ತು ಅವರದು. ಅಂದು ಚೀಲ ನಿಂತವರ ನಡುವೆಯೇ ಸುತ್ತು ಬಂದಿತು.

ಆ ಚೀಲದ ವಿಷಯ ಇನ್ನೊಂದಿದೆ. ಅದೇ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಒಂದು ಭಾನುವಾರ, ಚೀಲ ಹೋಗುತ್ತಿದ್ದಾಗ ಎಲ್ಲರೂ ಎಂದಿನಂತೆ ನೆಲ ನೋಡುತ್ತಿದ್ದೆವು. ಒಬ್ಬರ ಮುಷ್ಟಿ ಒಳಗೆ ಬಿಚ್ಚಿದಾಗ ಠಣ್ ಎಂದಿತು. ಒಂದೇ ನಾಣ್ಯ. ಚೀಲ ತೆಳುವಾದ ಹತ್ತಿ ಬಟ್ಟೆಯದು, ತಳದಲ್ಲಿ ಇನ್ನೊಂದು ನಾಣ್ಯ ಮೊದಲೇ ಇದ್ದಿರಬೇಕು. ಯಾರೂ ತಲೆ ಎತ್ತಲಿಲ್ಲ. ಆದರೆ ನನಗೆ ಯಾರೆಂದು ತಿಳಿದುಹೋಯಿತು, ನನಗೆ ತಿಳಿಯಿತೆಂದು ಅವರಿಗೂ ತಿಳಿಯಿತು. ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಈಸ್ಟರ್ ಕಳೆದ ಮೇಲೆ ಬಂದರು. ಏನೂ ಆಗದವರಂತೆ ತಮ್ಮ ಮನೆಗಳ ವರದಿ ಓದಿದರು. ಅವರಿಗೆ ಕೆಲಸ ಹೋಗಿದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಕೆಲಸವಿಲ್ಲದ ಆ ತಿಂಗಳುಗಳಲ್ಲೂ ಅವರು ತಮ್ಮ ಪಾಲಿನ ಎರಡು ಮನೆಗಳಿಗೆ ಹೋಗುವುದನ್ನು ತಪ್ಪಿಸಿರಲಿಲ್ಲ. ಸಭೆಗೆ ಮಾತ್ರ ಬಂದಿರಲಿಲ್ಲ.

ಬೇಳೆಯ ಮೇಲೆ ಸೊಪ್ಪು ಮುಚ್ಚಿ ಅಜ್ಜಿಯ ಮಾನ ಕಾಯಲು ಕಲಿತಿದ್ದ ನಾವು, ನಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತವರ ಮಾನ ಕಾಯಲಾರದೆ ಹೋದೆವು. ನನಗೆ ಇದು ದೊಡ್ಡ ವಿಷಯವೇ. ಖಜಾಂಚಿಯವರನ್ನು ಕೇಳಿ, ಹೊಸ ಚೀಲ ನಾನು ಹೊಲಿಯುತ್ತೇನೆ ಎಂದೆ. ಏಕೆಂದು ಅವರು ಕೇಳಲಿಲ್ಲ. ಹಳೆಯದು ಹರಿದಿದೆ ಎಂದು ತಾವೇ ಹೇಳಿದರು. ಅದು ಹರಿದಿರಲಿಲ್ಲ.

ಹೊರಗಿನ ಪದರಕ್ಕೆ ದಪ್ಪ ಖಾದಿ ತಂದೆ, ಗಾಢ ನೀಲಿ. ಒಳಗೆ ಏನು ಹಾಕಿದರೆ ನಾಣ್ಯ ಸದ್ದು ಮಾಡುವುದಿಲ್ಲ ಎಂದು ವಾರವಿಡೀ ಪ್ರಯೋಗ ಮಾಡಿದೆ. ಫ್ಲಾನೆಲ್ ಸಾಲಲಿಲ್ಲ. ಸ್ಪಂಜು ಇಟ್ಟರೆ ಚೀಲ ಗಟ್ಟಿಯಾಗಿ ನಿಂತಿತು, ಕೈ ಸಲೀಸಾಗಿ ಹೋಗಲಿಲ್ಲ. ಕೊನೆಗೆ ಅಮ್ಮನ ಕರಿ ಕಂಬಳಿಯನ್ನು ಹೊರತೆಗೆದೆ. ಹಳ್ಳಿಯ ಮನೆಯಿಂದ ತಂದು ಅಟ್ಟದ ಮೇಲೆ ನುಸಿಗುಳಿಗೆ ಹಾಕಿ ಇಟ್ಟಿದ್ದೆ. ಅದರ ಒಂದು ಮೂಲೆ ಮೊದಲೇ ಇಲಿ ಕಡಿದು ಹೋಗಿತ್ತು. ಆ ಮೂಲೆಯ ಕಡೆಯಿಂದಲೇ ಒಂದು ಮೊಳ ಕತ್ತರಿಸಿದೆ. ಕುರಿಯುಣ್ಣೆ ಒರಟು. ಅಂಗೈಗೆ ತಾಗಿದರೆ ಸ್ವಲ್ಪ ಚುಚ್ಚುತ್ತದೆ. ತಳಕ್ಕೆ ಎರಡು ಪದರ, ಸುತ್ತಲೂ ಒಂದು. ರಾತ್ರಿ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಒಂದು ರೂಪಾಯಿ ಹಾಕಿ ನೋಡಿದೆ. ಎರಡು, ಐದು, ಹತ್ತು. ಹತ್ತರ ಮೇಲೆ ಇನ್ನೊಂದು ಹತ್ತು. ಕಿವಿಯನ್ನು ಚೀಲಕ್ಕೆ ಹಚ್ಚಿ ಕೇಳಿದೆ. ಏನೂ ಇಲ್ಲ.

ಹೋದ ಭಾನುವಾರ ತೆಗೆದುಕೊಂಡು ಹೋಗಿ ಕೊಟ್ಟೆ. ಖಜಾಂಚಿಯವರು ಒಂದು ಕಾಲದಲ್ಲಿ ಗಾರೆ ಕೆಲಸ ಮಾಡಿದವರು, ಅಗಲವಾದ ಕೈ. ಮುಷ್ಟಿ ಕಟ್ಟಿ ಇಳಿಸಲು ನೋಡಿದರೆ ಚೀಲದ ಬಾಯಿಯಲ್ಲೇ ಸಿಕ್ಕಿಕೊಂಡಿತು. ಬಾಯಿಯ ಹೊಲಿಗೆಯನ್ನು ಬಿಚ್ಚಿ ಎರಡು ಅಂಗುಲ ಅಗಲ ಮಾಡಬೇಕು. ಕಂಬಳಿ ಇನ್ನೂ ಉಳಿದಿದೆ.